ಒಗರಿನ ರಸಾಯನ

ಕಲಬುರಗಿ ನಗರದಿಂದ ಹುಮನಾಬಾದಿನತ್ತ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಲ್ಲಿಯ ಕೆಂಪು ಬಾಳೆಯ ಸವಿಯನ್ನು ತಿಂದವರಿಗೆ ಹೇಳಬೇಕಾಗಿಲ್ಲ. ಆದರೆ ನಮಗೆ ಇಲ್ಲಿ ಬೇಕಾದುದು ಮಾಗದ ಕಾಯಿ. ಹಸಿ ಬಾಳೆಕಾಯಿಯ ಚೂರೊಂದನ್ನು ಅಗಿದೊಡನೆ ನಾಲಿಗೆ ದಪ್ಪವಾದಂತೆ, ಕೆನ್ನೆಯ ಒಳಭಾಗ ಬಿಗಿದಂತೆ, ಬಾಯಿ ಒಣಗಿದಂತೆ ಆಗುತ್ತದೆ. ಈ ಅನುಭವವೇ ಒಗರು. ಪಾಶ್ಚಾತ್ಯರು ಊಟದೊಡನೆ ಕುಡಿಯುವ ಸಿಹಿಯಿಲ್ಲದ ಕೆಂಪು ವೈನಿನಲ್ಲಿಯೂ ಇದೇ ಒಗರುಂಟು. ಅದಕ್ಕೆ ಯಾವ ತಿನಿಸು ಜೊತೆಯಾಗಬೇಕೆಂಬ ಅವರ ಚರ್ಚೆ ಬಹುಮಟ್ಟಿಗೆ ಇದರ ಸುತ್ತಲೇ ನಡೆಯುತ್ತದೆ.

ಎರಡರಲ್ಲಿಯೂ ಒಗರಿಗೆ ಕಾರಣ ಟ್ಯಾನಿನ್ನುಗಳೆಂಬ ಸಸ್ಯಜನ್ಯ ವಸ್ತುಗಳು. ಪ್ರೋಟೀನಿಗೆ ಅಂಟಿಕೊಳ್ಳುವುದು ಇವುಗಳ ಸ್ವಭಾವ. ಬಯಲುಸೀಮೆಯ ತಂಗಡಿ ಗಿಡದ ತೊಗಟೆಯಿಂದ ಚರ್ಮವನ್ನು ಹದಮಾಡುವುದು ಈ ಗುಣದ ಬಲದಿಂದಲೇ. ಬಾಯಲ್ಲಿ ನಡೆಯುವುದು ಅದರ ಕಿರುರೂಪ. ಪ್ರೋಲೀನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಪ್ರೋಟೀನುಗಳು ನಮ್ಮ ಜೊಲ್ಲಿನಲ್ಲಿವೆ. ಬಾಯನ್ನು ನುಣುಪಾಗಿಡುವುದರಲ್ಲಿ ಇವುಗಳ ಪಾಲೂ ಉಂಟು. ಟ್ಯಾನಿನ್ನು ಇವನ್ನು ಹಿಡಿದು ಗರಣೆಗಟ್ಟಿಸಿದಾಗ ಜಾರುಗುಣ ತಪ್ಪಿ, ನಾಲಿಗೆ ಅಂಗುಳಿಗೆ ಉಜ್ಜತೊಡಗುತ್ತದೆ.

ಕಾಯಿ ಮಾಗಿದಾಗ ಈ ಟ್ಯಾನಿನ್ನು ಎಲ್ಲಿಗೆ ಹೋಗುತ್ತದೆ? ಬಹುಮಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ನೀರಿನಲ್ಲಿ ಕರಗದಂತಾಗುತ್ತವೆ. ಕರಗದುದು ಜೊಲ್ಲನ್ನು ಹಿಡಿಯಲಾರದು. ಅದೇ ವೇಳೆಗೆ ಪಿಷ್ಟವು ಸಕ್ಕರೆಯಾಗುವುದರಿಂದ ಹಣ್ಣು ಸಿಹಿಯಾಗುತ್ತದೆ.

ದ್ರಾಕ್ಷಿಯ ಕಥೆ ಬೇರೆ. ಕಪ್ಪು ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ. ಸಿಪ್ಪೆ ಬೀಜಗಳೊಡನೆಯೇ ಅದನ್ನು ಹುದುಗೆಬ್ಬಿಸಿದಾಗ ಸಿಪ್ಪೆಯಿಂದ ಆಂಥೋಸಯನಿನ್ ಎಂಬ ಕೆಂಬಣ್ಣವೂ, ಸಿಪ್ಪೆ ಬೀಜಗಳೆರಡರಿಂದಲೂ ಟ್ಯಾನಿನ್ನೂ ಇಳಿಯುತ್ತವೆ. (ಕೆಂಪು ಬಾಳೆಯ ಸಿಪ್ಪೆಯಲ್ಲಿರುವುದೂ ಆಂಥೋಸಯನಿನ್ನೇ.) ಯೀಸ್ಟು ಸಕ್ಕರೆಯನ್ನು ಬಹುತೇಕ ಪೂರ್ತಿಯಾಗಿ ಮದ್ಯಸಾರವಾಗಿಸಿದ ವೈನಿಗೆ ‘ಡ್ರೈ’ ಎಂದು ಹೆಸರು. ಇದನ್ನು ‘ಒಣ ವೈನು’ ಎಂದು ಅನುವಾದಿಸುವುದು ನಮಗೆ ಹಿಡಿಸದು. ಬಾಯಿ ಒಣಗುವುದು ಟ್ಯಾನಿನ್ನಿನಿಂದಲೇ ಹೊರತು ಸಕ್ಕರೆಯ ಅಭಾವದಿಂದಲ್ಲ.

ರುಚಿ ನೋಡುವವರು ಗುಟುಕನ್ನು ತಟ್ಟನೆ ನುಂಗದೆ ಬಾಯಲ್ಲೆಲ್ಲ ಆಡಿಸುವುದು ಪರಿಮಳಕ್ಕಾಗಿ ಮಾತ್ರವಲ್ಲ, ಒಗರನ್ನು ಅಳೆಯುವುದಕ್ಕಾಗಿಯೂ ಹೌದು. ೨೦೧೨ರಲ್ಲಿ ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಒಗರು ಬಹಳ ಕಡಿಮೆಯಿದ್ದ ಪಾನೀಯವನ್ನು ಗುಟುಕರಿಸುತ್ತ ಹೋದಂತೆ ಒಗರು ಏರುತ್ತ ಹೋಯಿತು. ನಡುನಡುವೆ ಕೊಬ್ಬಿನ ಮಾಂಸವನ್ನು ತಿಂದಾಗ, ಬಾಯ ಜಿಡ್ಡನ್ನು ನೀರಿಗಿಂತ ಒಗರಿನ ಚಹಾವೇ ಚೆನ್ನಾಗಿ ಕಳೆಯಿತು. ಒಗರೂ ಜಿಡ್ಡೂ ಒಂದನ್ನೊಂದು ಹತೋಟಿಯಲ್ಲಿಡುತ್ತವೆ.

ಇದನ್ನು ಕಲಬುರಗಿಯ ಊಟಕ್ಕೆ ಅನ್ವಯಿಸೋಣ. ಬೆಣ್ಣೆ ಸವರಿದ ಜೋಳದ ರೊಟ್ಟಿ, ತುಪ್ಪ ಬಿದ್ದ ತೊಗರಿಬೇಳೆ, ಗಟ್ಟಿ ಮೊಸರು ಇವು ಕೊಬ್ಬು, ಪ್ರೋಟೀನುಗಳಿಂದ ಒಗರನ್ನು ತಗ್ಗಿಸಬಲ್ಲವು. ಅಂಟಿಕೊಳ್ಳಲು ಆಹಾರದಲ್ಲಿಯೇ ಪ್ರೋಟೀನು ಸಿಕ್ಕರೆ ಟ್ಯಾನಿನ್ನು ಜೊಲ್ಲಿನ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಖಾರದ ಎಣ್ಣೆಗಾಯಿಗೆ ಇಂಥ ವೈನು ಹೊಂದದು. ಬಾಯಲ್ಲಿ ಬಿಸಿಯನ್ನೂ ಖಾರವನ್ನೂ ಗುರುತಿಸುವ ಗ್ರಾಹಕ ಒಂದೇ. ಸಾಮಾನ್ಯವಾಗಿ ಸುಮಾರು ೪೨ ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಚ್ಚರಗೊಳ್ಳುವ ಅದು ಮದ್ಯಸಾರದ ಸಂಗದಲ್ಲಿ ಸುಮಾರು ೩೪ಕ್ಕೇ ಎಚ್ಚರಗೊಳ್ಳುತ್ತದೆ. ಉರಿ ಇಮ್ಮಡಿಸಿದಂತೆ ತೋರಿದರೆ ಆಶ್ಚರ್ಯವಿಲ್ಲ.

ಆಯುರ್ವೇದವು ಒಗರನ್ನು ಕಷಾಯವೆಂದು ಕರೆದು ಷಡ್ರಸಗಳಲ್ಲಿ ಎಣಿಸಿದೆ. ೨೦೧೪ರಲ್ಲಿ ಜರ್ಮನಿಯ ಬೋಕುಮ್ ವಿಶ್ವವಿದ್ಯಾನಿಲಯದ ಸಂಶೋಧಕರು ರುಚಿಯ ನರವನ್ನು ಮರಗಟ್ಟಿಸಿದರೂ ಒಗರು ತಿಳಿಯುತ್ತಲೇ ಇತ್ತು. ಸ್ಪರ್ಶ, ನೋವುಗಳನ್ನು ಒಯ್ಯುವ ತ್ರಿಶಾಖಾ ನರವನ್ನೂ ಮರಗಟ್ಟಿಸಿದಾಗ ಇಲ್ಲವಾಯಿತು. ಖಾರದ ಹಾದಿಯೂ ಇದೇ ನರ. ಒಗರನ್ನು ರಸಗಳ ಪಟ್ಟಿಯಿಂದ ಕೈಬಿಟ್ಟರೆ ಖಾರವನ್ನೂ ಬಿಡಬೇಕಾದೀತು!

ವಿದ್ಯಾರ್ಥಿಗಳಿಗೆ ಇದನ್ನು ಪರೀಕ್ಷಿಸಲು ವೈನು ಬೇಕಾಗಿಲ್ಲ, ಸಲ್ಲದು ಕೂಡ. ಹಾಲು ಸಕ್ಕರೆಗಳಿಲ್ಲದ ಕಡುಚಹಾ ಸಾಕು. ಮೂರು ಗುಟುಕು ಕುಡಿದು, ಪ್ರತಿ ಗುಟುಕಿನ ಒಗರಿಗೆ ಹತ್ತರಲ್ಲಿ ಅಂಕ ಕೊಡಿ. ಬಳಿಕ ಬೆಣ್ಣೆ ಸವರಿದ ರೊಟ್ಟಿಯ ತುಂಡೊಂದನ್ನು ಅಗಿದು ನುಂಗಿ, ನಾಲ್ಕನೆಯ ಗುಟುಕಿಗೆ ಎಷ್ಟು ಅಂಕವೆಂದು ಬರೆದುಕೊಳ್ಳಿ.