ಪ್ರತಿ ಬೇಸಿಗೆ ಗ್ಯಾಸ್ ತುಂಬಿಸೋದು ಸಾಕು: ಹಳೇ ಕಾರಿನ ಕೂಲಿಂಗ್ ಕಾಯಿಲ್ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಹಳೇ ಕಾರು ಇಟ್ಕೊಂಡವರಿಗಾಗಿ ಇವತ್ತಿನ ಸಂಚಿಕೆ. ಮಾರ್ಚ್ ಬಂತಂದ್ರ ಗ್ಯಾರೇಜಿನಲ್ಲಿ ಒಂದೇ ಮಾತು: "ಅಣ್ಣಾ, ಗ್ಯಾಸ್ ಖಾಲಿ ಆಗ್ಯಾದ, ತುಂಬಿಸಿಬಿಡ್ತೀನಿ." ತುಂಬಿಸ್ತಾರ. ಏಪ್ರಿಲ್ ತನಕ ತಣ್ಣಗ ಇರ್ತದ. ಮೇ ತಿಂಗಳ 42 ಡಿಗ್ರಿ ಬಿಸಿಲಿನಾಗ ಮತ್ತ ಬಿಸಿ ಗಾಳಿ, ಮತ್ತ ಬಿಲ್ಲು.

ಮೊದಲು ಒಂದು ವಿಷಯ ತಿಳ್ಕೊಳ್ರಿ. ಎಸಿ ಗ್ಯಾಸ್ ಪೆಟ್ರೋಲ್ ಇದ್ದಂಗ ಉರಿದು ಖಾಲಿ ಆಗೋದಲ್ಲ. ಅದೇ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ರೇಡಿಯೇಟರ್ ಮುಂದಿನ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವ ಆಗುತ್ತದೆ, ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ತೂತು ದಾಟಿ ಡ್ಯಾಶ್‌ಬೋರ್ಡ್ ಒಳಗಿನ ಇವಾಪರೇಟರ್‌ಗೆ ಬರುತ್ತದೆ. ಗ್ಯಾರೇಜಿನವರು ಕೂಲಿಂಗ್ ಕಾಯಿಲ್ ಅನ್ನೋದು ಇದಕ್ಕೇ. ಅಲ್ಲಿ ಗ್ಯಾಸ್ ಆವಿ ಆಗುವಾಗ ಕಾರಿನೊಳಗಿನ ಶಾಖ ಹೀರಿಕೊಳ್ಳುತ್ತದೆ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಗ್ಯಾಸ್ ಹೋಗೋದು ಸಹಜ. ಒಂದೆರಡು ತಿಂಗಳಲ್ಲೇ ಖಾಲಿ ಆದ್ರ ಎಲ್ಲೋ ತೂತು ಅದ ಅಂತಲೇ ಅರ್ಥ.

ಆ ತೂತು ಕಾಯಿಲ್‌ನಲ್ಲೇ ಯಾಕೆ ಬೀಳ್ತದ? ಕಾಯಿಲ್ ಅಲ್ಯೂಮಿನಿಯಂದು. ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂಡುತ್ತದೆ. ಎಸಿ ಹಾಕಿದಾಗ ಕಾರಿನ ಕೆಳಗೆ ತೊಟ್ಟಿಕ್ಕೋದು ಇದೇ ನೀರು. ಬಹಳಷ್ಟು ಹಳೇ ಕಾರುಗಳಿಗೆ ಕ್ಯಾಬಿನ್ ಫಿಲ್ಟರೇ ಇಲ್ಲ, ಹಾಗಾಗಿ ಧೂಳು ನೇರವಾಗಿ ಈ ಒದ್ದೆ ಕಾಯಿಲ್‌ಗೆ ಅಂಟಿಕೊಳ್ತದ. ನಮ್ಮ ಕಡೆ ಧೂಳು ಎಂಥದ್ದು ನೋಡ್ರಿ. ಶಹಾಬಾದಿನ ಪರಸಿ ಪುಡಿ ಸುಣ್ಣದಕಲ್ಲಿನದು. ಅದು ಕೆಸರಾಗಿ ಕೂತು ತೇವ ಹಿಡಿದಿಡುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಧೂಳು ಇನ್ನೂ ಜೋರು. ಒದ್ದೆಯಾದ ಸಿಮೆಂಟಿನ ಪಿಎಚ್ 12ರ ಆಸುಪಾಸು ಇರುತ್ತದೆ, ಅಂದ್ರ ಗಟ್ಟಿ ಕ್ಷಾರ. ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರ ಪಿಎಚ್ 9 ದಾಟಿದರೆ ಕರಗಲು ಶುರು ಮಾಡುತ್ತದೆ.

ಆದರ ತಂಪು ಕಡಿಮೆ ಆಯ್ತು ಅಂತ ಸೀದಾ ಕಾಯಿಲ್ ಬದಲಾಯಿಸಬ್ಯಾಡ್ರಿ. ಕಂಡೆನ್ಸರ್ ಧೂಳಿನಿಂದ ಮುಚ್ಚಿರಬಹುದು, ಅದರ ಫ್ಯಾನ್ ನಿಂತಿರಬಹುದು, ಕಂಪ್ರೆಸರ್ ಸೋತಿರಬಹುದು. ಸೋರಿಕೆಗೆ ಪರೀಕ್ಷೆ ಮಾಡಿಸ್ರಿ. ಗ್ಯಾಸ್ ಜೊತೆ ಹೊಳೆಯುವ ಡೈ ಹಾಕಿ ಯುವಿ ಟಾರ್ಚ್ ಬಿಟ್ಟರೆ ಹೊರಗಿನ ಜಾಯಿಂಟ್‌ಗಳು ಕಾಣ್ತಾವ. ಕಾಯಿಲ್ ಒಳಗೆ ಅಡಗಿರೋದ್ರಿಂದ ನೀರು ಹೋಗುವ ಡ್ರೈನ್ ಪೈಪಿನ ಬಾಯಲ್ಲಿ ಡೈ ಬಣ್ಣ ಹುಡುಕಬೇಕು, ಅಥವಾ ಅಲ್ಲೇ ಲೀಕ್ ಡಿಟೆಕ್ಟರ್ ಹಿಡಿಯಬೇಕು. ನೈಟ್ರೋಜನ್ ತುಂಬಿ ಒತ್ತಡ ನಿಲ್ತದೋ ಇಲ್ಲೋ ನೋಡೋದು ಇನ್ನೊಂದು ದಾರಿ. ಪಂಕ್ಚರ್ ಅಂಗಡಿಯ ಗಾಳಿ ಮಾತ್ರ ಬ್ಯಾಡ. ಅದರ ತೇವ ಒಳಗೇ ಉಳೀತದ.

ಕಾಯಿಲ್ಲೇ ಹೋಗ್ಯಾದ ಅಂತ ಖಾತ್ರಿ ಆದ್ರ ಕೆಲಸ ಹೀಗೆ. ಉಳಿದ ಗ್ಯಾಸನ್ನು ಮಷಿನ್‌ಗೆ ಎಳೆದುಕೊಳ್ಳಬೇಕು, ಬ್ಯಾಟರಿ ವೈರ್ ಬಿಚ್ಚಬೇಕು. ಹಳೇ ಮಾರುತಿ 800, ಆಲ್ಟೋದಂಥ ಕಾರಿನಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಕಾಯಿಲ್ ಡಬ್ಬಿ ಕೈಗೆ ಸಿಗ್ತದ. ಕೆಲವು ಕಾರಿನಲ್ಲಿ ಪೂರ್ತಿ ಡ್ಯಾಶ್‌ಬೋರ್ಡ್ ಇಳಿಸಬೇಕು. ಕೂಲಿ ಹೆಚ್ಚು-ಕಡಿಮೆ ಆಗೋದು ಇಲ್ಲೇ.

ಹೊಸ ಕಾಯಿಲ್ ಜೊತೆ ಹೊಸ ಓ-ರಿಂಗ್, ಹೊಸ ಎಕ್ಸ್‌ಪಾನ್ಷನ್ ವಾಲ್ವ್, ಹೊಸ ಡ್ರೈಯರ್ ಹಾಕಿಸ್ರಿ. ಡ್ರೈಯರ್ ಕೆಲಸ ತೇವ ಹೀರೋದು. ಸಿಸ್ಟಮ್ ಬಿಚ್ಚಿಟ್ಟರೆ ಅದು ಹೊರಗಿನ ತೇವ ಕುಡಿದು ನಿಷ್ಪ್ರಯೋಜಕ ಆಗ್ತದ. ಹಳೇ ಕಾಯಿಲ್‌ನಲ್ಲಿ ಹೋದಷ್ಟು ಎಣ್ಣೆ ವಾಪಸ್ ಹಾಕಬೇಕು, ಇಲ್ಲಾಂದ್ರ ಕಂಪ್ರೆಸರ್ ಒಣಗಿ ತಿರುಗ್ತದ. ಆಮೇಲೆ ಕನಿಷ್ಠ ಅರ್ಧ ತಾಸು ವ್ಯಾಕ್ಯೂಮ್. ಪಂಪ್ ಬಂದ್ ಮಾಡಿದ ಮೇಲೆ ಗೇಜ್ ಮುಳ್ಳು ಅಲುಗಬಾರದು. ಕೊನೆಗೆ ಗ್ಯಾಸ್ ತೂಕ ಮಾಡಿ ತುಂಬಬೇಕು. ಎಷ್ಟು ಗ್ರಾಂ ಅನ್ನೋದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಇರ್ತದ.

ಎರಡು ವಿಷಯಕ್ಕೆ "ಬ್ಯಾಡ" ಅನ್ರಿ. ಒಂದು, ತೂತು ಮುಚ್ಚುವ ಸೀಲಂಟ್ ಡಬ್ಬಿ. ಅದು ವಾಲ್ವನ್ನೇ ಕಟ್ಟಬಹುದು. ಎರಡು, ಅಗ್ಗ ಅಂತ ತುಂಬುವ ಎಲ್‌ಪಿಜಿಯಂಥ ಉರಿಯುವ ಗ್ಯಾಸ್. ತೂತು ಇರೋದು ಡ್ಯಾಶ್‌ಬೋರ್ಡ್ ಒಳಗೆ, ಸೋರೋದು ನೀವು, ಮಕ್ಕಳು ಕೂತ ಜಾಗಕ್ಕೆ. ಒಂದು ಕಿಡಿ ಸಾಕು.

ಈಗ ಕಾಮರ್ಸ್ ಓದಿದವನ ಲೆಕ್ಕ. ಇವು ಅಂದಾಜಿಗೆ ಹಿಡಿದ ಅಂಕಿ, ನಿಮ್ಮ ಊರಿನ ದರ ಹಾಕ್ಕೊಂಡು ನೋಡ್ರಿ. ಒಂದು ಸಲ ಗ್ಯಾಸಿಗೆ ₹2,000, ಬೇಸಿಗೆಗೆ ಎರಡು ಸಲ ಅಂದ್ರ ವರ್ಷಕ್ಕೆ ₹4,000. ಕಾಯಿಲ್, ವಾಲ್ವ್, ಡ್ರೈಯರ್, ಕೂಲಿ, ಗ್ಯಾಸ್ ಸೇರಿ ₹10,000 ಅಂತ ಇಟ್ಕೊಂಡ್ರ ಎರಡೂವರೆ ವರ್ಷಕ್ಕೆ ಹಣ ವಾಪಸ್. ಹಾಗಾಗಿ ಕೇಳಬೇಕಾದ ಪ್ರಶ್ನೆ "ಕಾಯಿಲ್‌ಗೆ ಎಷ್ಟು?" ಅಂತಲ್ಲ, "ಈ ಕಾರು ನನ್ನ ಹತ್ರ ಇನ್ನೆಷ್ಟು ವರ್ಷ ಇರ್ತದ?" ಅಂತ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗೀತದ, ಆಮೇಲೆ ಫಿಟ್‌ನೆಸ್ ಪಾಸಾದರೆ 5 ವರ್ಷ ಸಿಗ್ತದ. ಮುಂದಿನ ವರ್ಷ ಮಾರೋ ಕಾರಿಗೆ, ಕಂಪ್ರೆಸರ್ರೂ ಕೈ ಕೊಡ್ತಿರೋ ಕಾರಿಗೆ ಈ ಖರ್ಚು ಬ್ಯಾಡ. ಮೂರ್ನಾಲ್ಕು ವರ್ಷ ಓಡಿಸೋರಿಗೆ ಲಾಭ.

ಇನ್ನೊಂದು ಬಾಕಿ ಬಿಲ್ಲಿನಲ್ಲಿ ಕಾಣಲ್ಲ. ಹಳೇ ಕಾರುಗಳಲ್ಲಿ ಸಾಮಾನ್ಯವಾಗಿರೋ ಗ್ಯಾಸ್ ಆರ್-134ಎ. 100 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಹೆಚ್ಚು ಕಾಯಿಸುತ್ತದೆ. ಅರ್ಧ ಕಿಲೋ ಸೋರಿದರೆ 700 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಂಗ. ಇಂಥ ಗ್ಯಾಸ್‌ಗಳ ಬಳಕೆ ತಗ್ಗಿಸುವ 2016ರ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ.

ಮುಂದಿನ ಸಲ "ತುಂಬಿಸಿಬಿಡ್ತೀನಿ" ಅಂದ್ರ ಮಿಸ್ತ್ರಿಗೆ ಒಂದೇ ಮಾತು ಕೇಳ್ರಿ: "ಹೋದ ಸಲದ ಗ್ಯಾಸ್ ಎಲ್ಲಿ ಹೋಯ್ತು, ಅದನ್ನ ಮೊದಲು ತೋರಿಸ್ರಿ." ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.