ಟ್ಯಾಂಕಿಗೆ ಬಣ್ಣ ಏರುವ ಮೊದಲು

ರಾಮನಗರದ ಹಳೇ ಮೈಸೂರು ರಸ್ತೆಯ ಬದಿಗೆ ತಗಡಿನ ಛಾವಣಿಯ ಒಂದು ಪೇಂಟಿಂಗ್ ಶೆಡ್ಡು. 2023ರಲ್ಲಿ ಎಕ್ಸ್‌ಪ್ರೆಸ್ ಹೈವೇ ತೆರೆದ ಮೇಲೆ ದೂರದ ಗಾಡಿಗಳು ಊರ ಹೊರಗೇ ಹಾದುಹೋಗುತ್ತವೆ. ಆದರೂ ಕನಕಪುರದಿಂದ, ಮಾಗಡಿಯಿಂದ ಹುಡುಗರು ಹಳೇ ಬೈಕುಗಳನ್ನು ತಂದು ಇಲ್ಲಿ ನಿಲ್ಲಿಸುತ್ತಾರೆ. ಇವತ್ತು ಸ್ಟ್ಯಾಂಡಿನ ಮೇಲೆ ಕೂತಿರುವುದು ಯೆಜ್ಡಿಯ ಪೆಟ್ರೋಲ್ ಟ್ಯಾಂಕು. ಅದನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಬೈಕಿನ ಯಜಮಾನನಿಗೆ ಕ್ಯಾಂಡಿ ಕೆಂಪು ಬೇಕಂತೆ: ಅಡಿಯಲ್ಲಿ ಬೆಳ್ಳಿ, ಅದರ ಮೇಲೆ ಬೆಳಕು ತೂರಿಹೋಗುವಷ್ಟು ತಿಳಿಯಾದ ಕೆಂಪು. ಬಿಸಿಲು ಕೆಂಪನ್ನು ದಾಟಿ ಬೆಳ್ಳಿಗೆ ತಾಗಿ ಮರಳಿದಾಗಲೇ ಆ ಮಿನುಗು. ಇಂಥ ಬಣ್ಣ ಯಾವ ತಪ್ಪನ್ನೂ ಮುಚ್ಚಿಕೊಡುವುದಿಲ್ಲ. ಅಡಿಯ ಒಂದೇ ಒಂದು ಗೀರು ಕೂಡ ಮೇಲೆ ಎದ್ದು ಕಾಣುತ್ತದೆ.

ಮೊದಲು ಸೋಪುನೀರಿನ ಸ್ನಾನ. ಆಮೇಲೆ ಮೇಣ, ಜಿಡ್ಡು ತೆಗೆಯುವ ದ್ರಾವಕ. ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮುನ್ನವೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಬೇಕು. ತಾನಾಗಿ ಆರಲು ಬಿಟ್ಟರೆ ಜಿಡ್ಡು ಇದ್ದಲ್ಲೇ ಕೂರುತ್ತದೆ. ಇದೆಲ್ಲ ಉಜ್ಜುವುದಕ್ಕಿಂತ ಮುಂಚೆಯೇ ಆಗಬೇಕು. ಇಲ್ಲವಾದರೆ ಕಾಗದವೇ ಜಿಡ್ಡನ್ನು ಗೀರುಗಳೊಳಗೆ ತುರುಕುತ್ತದೆ. ಟೈರ್ ಪಾಲಿಷಿನ ಸಿಲಿಕೋನ್ ಕಣದಷ್ಟಿದ್ದರೂ ಸಾಕು, ಬಣ್ಣ ಅಲ್ಲಿಂದ ಹಿಂದೆ ಸರಿದು ಗುಂಡಗೆ ಗುಳಿ ಬೀಳುತ್ತದೆ.

ಐಟಿಐ ಮುಗಿಸಿ ಕೆಲಸ ಕಲಿಯಲು ಬಂದಿರುವ ಹುಡುಗ ಒರೆಸಿದ ಜಾಗದ ಮೇಲೆ ಕೈಯೂರಿದ. “ಬರಿಗೈಲಿ ಮುಟ್ಬ್ಯಾಡ ಕಣ್ಲಾ, ಬೆವರು ಅಂಟ್ಕತದೆ” ಎಂದು ಮೇಸ್ತ್ರಿ ಗದರಿದರು. ಒರೆಸುವ ಕೆಲಸ ಮತ್ತೆ ಮೊದಲಿನಿಂದ.

ತುಕ್ಕು ಹಿಡಿದ ಕಡೆ 80ನೇ ನಂಬರಿನ ಕಾಗದ, ಬರಿ ತಗಡು ಹೊಳೆಯುವ ತನಕ. ಸುತ್ತಲಿನ ಅಂಚನ್ನು 180ರಲ್ಲಿ, 320ರಲ್ಲಿ ಇಳಿಜಾರಾಗಿ ಸವೆಸಿದಂತೆ ಟ್ಯಾಂಕಿನ ಚರಿತ್ರೆಯೆಲ್ಲ ಉಂಗುರ ಉಂಗುರವಾಗಿ ಮೇಲೆ ಬರುತ್ತದೆ: ಬೂದು ಪ್ರೈಮರ್, ಕಪ್ಪು, ಯಾರೋ ಬ್ರಷ್ಷಿನಲ್ಲಿ ಬಳಿದ ಹಸಿರು, ಎಲ್ಲಕ್ಕೂ ಮೇಲೆ ಮರೂನ್. ಬರಿ ತಗಡಿಗೆ ಎಪಾಕ್ಸಿ ಪ್ರೈಮರ್. ತಗ್ಗಿಗೆ ಪುಟ್ಟಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಿದರೆ ಕೆಲಸ ಬೇಗ, ಧೂಳೂ ಇಲ್ಲ. ಆದರೆ ಪುಟ್ಟಿ ನೀರು ಕುಡಿಯುತ್ತದೆ. ಕುಡಿದದ್ದು ಮುಂದೊಂದು ದಿನ ಬಣ್ಣದಡಿ ಗುಳ್ಳೆಯಾಗಿ ಏಳುತ್ತದೆ. ಮೇಸ್ತ್ರಿ ಒಣಗಿದ್ದಂತೆಯೇ ಉಜ್ಜುತ್ತಾರೆ, ನಡುನಡುವೆ ಕೈಗೆ ತೆಳುಬಟ್ಟೆ ಸುತ್ತಿ ಸವರಿ ನೋಡುತ್ತಾರೆ. ಕಣ್ಣಿಗೆ ಬೀಳದ ತಗ್ಗು ಅಂಗೈಗೆ ಸಿಗುತ್ತದೆ.

ಪುಟ್ಟಿ ಹಾಕಿದ ಕಡೆಯೆಲ್ಲ ಸರ್ಫೇಸರ್ ಎಂಬ ದಪ್ಪ ಪ್ರೈಮರ್ ಹೊಡೆದು, ಒಣಗಿದ ಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಸಿಂಪಡಿಸುತ್ತಾರೆ. ಮರದ ತುಂಡಿಗೆ 400ರ ಕಾಗದ ಸುತ್ತಿ ಉಜ್ಜಿದರೆ ಉಬ್ಬಿನ ಕಪ್ಪು ಹೋಗಿ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ. ಕಪ್ಪು ಪೂರ್ತಿ ಅಳಿದಾಗ ಮೈ ಸಮ. ಕೊನೆಗೆ 600. ಈ ದಿನಗಟ್ಟಲೆಯ ಉಜ್ಜಾಟಕ್ಕೆ ಗಿರಾಕಿ ಕೊಡುವ ಬೆಲೆ ಕಡಿಮೆಯೇ. ಅವನು ಚೌಕಾಸಿ ಮಾಡುವುದು ಬಣ್ಣದ ಲೆಕ್ಕದಲ್ಲಿ. ಅದು ನನಗೆ ಅನ್ಯಾಯವೆನಿಸುತ್ತದೆ.

ಪಕ್ಕದ ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಬೇರೆಯೇ ದಾರಿ. ಚೆನ್ನಾಗಿ ಒಣಗಿದ ಹಾಲೆ ಮರದ ತುಂಡು ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಕೇದಿಗೆ ಗರಿ ಅದಕ್ಕೆ ಹೊಳಪು ಕೊಡುತ್ತದೆ. ಅಲ್ಲಿ ಬಣ್ಣವೂ ಅರಗೇ, ಮೈ ಮುಚ್ಚುವುದೂ ಅರಗೇ. ಇನ್ನೊಂದು ದಿಕ್ಕಿಗೆ ಬಿಡದಿಯಲ್ಲಿ 1999ರಿಂದ ಟೊಯೋಟಾ ಗಾಡಿಗಳು ತಯಾರಾಗುತ್ತಿವೆ. ಕಾರು ಕಾರ್ಖಾನೆಗಳಲ್ಲಿ ಇಡೀ ಬಾಡಿಯನ್ನೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದಿಗೊಂದಿಗೂ ಪದರ ಹಿಡಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಶೆಡ್ಡಿಗೆ ಒಲೆಯಿಲ್ಲ. ಬಿಸಿಲು, ಹಾರ್ಡನರ್, ಅಷ್ಟೇ.

ಇನ್ನು ಸೀಲರ್. ಟ್ಯಾಂಕಿನ ಮೈ ಈಗ ನುಣುಪಾಗಿದ್ದರೂ ಒಂದೇ ಅಲ್ಲ: ಒಂದೆಡೆ ಪ್ರೈಮರ್, ಒಂದೆಡೆ ಹಳೇ ಮರೂನ್. ಒಂದೊಂದೂ ಥಿನ್ನರನ್ನು ಒಂದೊಂದು ಥರ ಹೀರುತ್ತದೆ. ಹಾಗೇ ಬೆಳ್ಳಿ ಹೊಡೆದರೆ ಉಂಗುರದ ಅಂಚುಗಳು ಸುಕ್ಕಾಗಿ ಏಳಬಹುದು. ಹಳೇ ಮರೂನ್ ಮೇಲಕ್ಕೆ ಒಸರಲೂಬಹುದು. ಸೀಲರಿನ ತೆಳು ಪದರ ಇವನ್ನೆಲ್ಲ ಒಂದೇ ಬೂದು ಬಣ್ಣದಡಿ ಬಿಗಿಯುತ್ತದೆ.

ಕಂಪ್ರೆಸರಿನ ತಳದ ನೀರು ಬಸಿದು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದರು. ಟ್ಯಾಂಕಿನ ಬಾಯಿಗೆ ಟೇಪು. ಮುಖಕ್ಕೆ ಮಾಸ್ಕು. ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು, ಹಾಗೆ ಬಂದವರಿಗೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟಬಹುದು. ಬರೀ ಕರ್ಚೀಫು ಕಟ್ಟಿ ಗನ್ ಹಿಡಿದವರನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಬಟ್ಟೆ ಆವಿಯನ್ನು ತಡೆಯದು. ಹೊರಗಿನ ಒಳ್ಳೇ ಗಾಳಿ ಒದಗಿಸುವ ಮುಖವಾಡವೇ ಬೇಕು; ಅದಾಗದಿದ್ದರೆ ಕಾರ್ಬನ್ ಫಿಲ್ಟರಿನದಾದರೂ ಇರಲಿ. ಈ ಮೇಸ್ತ್ರಿ ಹುಡುಗನಿಗೂ ಒಂದು ತಂದಿಟ್ಟಿದ್ದಾರೆ.

ಸೀಲರ್ ಸಮನಾಗಿ ಇಳಿಯಿತು. ಇನ್ನು ಇದನ್ನು ಉಜ್ಜುವ ಹಾಗಿಲ್ಲ. ಡಬ್ಬಿಯ ಮೇಲೆ ಬರೆದ ಹೊತ್ತಿನೊಳಗೆ ಬೆಳ್ಳಿ ಏರಬೇಕು, ಮೀರಿದರೆ ಮತ್ತೆ ಕಾಗದ ಹಿಡಿಯಬೇಕು. ಮೇಸ್ತ್ರಿ ಗಡಿಯಾರ ನೋಡಿ, ಮಾಸ್ಕಿನೊಳಗಿಂದಲೇ ಕೂಗಿದರು: “ಬೆಳ್ಳಿ ಕಲಸಿದ್ಯೇನ್ಲಾ? ಸೋಸಿ ತಾ.”