ಒಂದು ಕೀಲಿಕೈ, ಒಬ್ಬರೇ ಮೇಲ್ವಿಚಾರಕರು: ಕಡಿಮೆ ರೊಕ್ಕದಾಗ ಗ್ರಂಥಾಲಯ ನಡೆಸೂದು ಹೆಂಗ?

ಇವತ್ತಿನ ಎಪಿಸೋಡ್ ನಿಮ್ಮೂರಿನ ಗ್ರಂಥಾಲಯದ ಬಗ್ಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಪೊಲೀಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು ಬಹಳ. ಮನ್ಯಾಗ ಕೂತು ಓದಾಕ ಜಾಗ ಇಲ್ಲ, ಧಾರವಾಡದಾಗ ರೂಮ್ ಮಾಡಾಕ ರೊಕ್ಕ ಇಲ್ಲ ಅನ್ನೋರಿಗೆ ಗ್ರಂಥಾಲಯದ ಒಂದು ಕುರ್ಚಿ ಅಂದ್ರ ಸಣ್ಣ ಮಾತಲ್ರೀ. ಆದ್ರ ಹೋದಾಗ ಬಾಗಿಲಿಗೆ ಕೀಲಿ ಬಿದ್ದಿದ್ರ?

ಮೊದಲು ರೊಕ್ಕ ಎಲ್ಲಿಂದ ಬರ್ತದ ನೋಡೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆ ಜೊತೆಗೆ ಗ್ರಂಥಾಲಯ ಕರ ಕಟ್ತೀವಿ. ₹100 ತೆರಿಗೆಗೆ ₹6. ಅಂದ್ರ ಮನಿ ತೆರಿಗೆ ₹2,000 ಇದ್ದರೆ ₹120 ಗ್ರಂಥಾಲಯದ್ದು. ಹಂಗಾಗಿ ಗ್ರಂಥಾಲಯ ಪುಕ್ಕಟೆ ಅಲ್ಲ. ದೊಡ್ಡ ಊರಿನಲ್ಲಿ ತೆರಿಗೆ ಜಾಸ್ತಿ, ಕರವೂ ಜಾಸ್ತಿ. ಬೀಳಗಿಯಂಥ ಸಣ್ಣ ಊರಿನಲ್ಲಿ ಎರಡೂ ಕಡಿಮೆ. ಮೇಲಾಗಿ ವಸೂಲಾದ ಕರ ಗ್ರಂಥಾಲಯಕ್ಕೆ ಸಮಯಕ್ಕೆ ತಲುಪಬೇಕು. ಬೆಂಗಳೂರಿನಲ್ಲೇ ಪಾಲಿಕೆಯ ಕರದ ಬಾಕಿ ವರ್ಷಗಟ್ಟಲೆ ಸುದ್ದಿಯಾಗಿದೆ.

ಇನ್ನೊಂದು ವಿಷಯ ಗೊತ್ತಿರಲಿ. ಪಟ್ಟಣದ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದವು. ಹಳ್ಳಿಯವು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ‘ಅರಿವು ಕೇಂದ್ರ’ ಅಂತ ಬೋರ್ಡ್ ನೋಡಿರ್ತೀರಿ, ಅದೇ ಇದು. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಂಗಾಗಿ ಹಳ್ಳಿಯ ಗ್ರಂಥಾಲಯದ ಮಾತಿದ್ರ ಪಂಚಾಯಿತಿಗೆ ಹೋಗ್ರಿ, ಪಟ್ಟಣದ್ದಿದ್ರ ಇಲಾಖೆಗೆ.

ಈಗ ಸಿಬ್ಬಂದಿ. ಹಳ್ಳಿ ಗ್ರಂಥಾಲಯದಾಗ ಸಾಮಾನ್ಯವಾಗಿ ಒಬ್ಬರೇ ಮೇಲ್ವಿಚಾರಕರು. ಬಾಗಿಲು ತೆಗೆಯೋರು, ಪುಸ್ತಕ ಕೊಡೋರು, ರಿಜಿಸ್ಟರ್ ಬರೆಯೋರು ಎಲ್ಲಾ ಅವರೇ. ಅವರು ರಜೆ ಹಾಕಿದ್ರ ಗ್ರಂಥಾಲಯವೂ ರಜೆ.

ನಾನು ಬಿಕಾಂ ಓದಿದವ, ಒಂದು ಲೆಕ್ಕ ಹೇಳ್ತೀನಿ. ಅಂಕಿ ಬರೀ ಉದಾಹರಣೆಗೆ. ತಿಂಗಳ ಒಟ್ಟು ಖರ್ಚು ₹20,000, ಬಾಗಿಲು ತೆಗೆದಿದ್ದು 100 ತಾಸು ಅಂತ ಇಟ್ಕೊಳ್ರಿ. ಒಂದು ತಾಸಿಗೆ ₹200 ಆಯ್ತು. ಆ ತಾಸಿನಾಗ 5 ಮಂದಿ ಕೂತ್ರ ತಲಾ ₹40. 20 ಮಂದಿ ಕೂತ್ರ ತಲಾ ₹10. ಖರ್ಚು ಅಷ್ಟೇ, ಉಪಯೋಗ ನಾಲ್ಕು ಪಟ್ಟು. ಹಂಗಾಗಿ ರೊಕ್ಕ ಕಡಿಮೆ ಇದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ: ಮಂದಿ ಬರಾಕ ಆಗೋ ಹೊತ್ತಿನಾಗ ಬಾಗಿಲು ತೆಗೆದಿರ್ತದೋ ಇಲ್ಲೋ?

ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗೋರಿಗೆ, ಜಮಖಂಡಿ ಕಾಲೇಜಿಗೆ ಬಸ್ ಹಿಡಿಯೋರಿಗೆ ಮಧ್ಯಾಹ್ನ 12ಕ್ಕೆ ತೆಗೆದ ಬಾಗಿಲಿಂದ ಏನೂ ಲಾಭ ಇಲ್ಲ. 10ರಿಂದ 4 ಅನ್ನೋದನ್ನ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ 7 ಅಂತ ಮಾಡಿದ್ರ ಅದೇ 6 ತಾಸು. ಆದ್ರ ಮೇಲ್ವಿಚಾರಕರು ಪಕ್ಕದ ಊರಿಂದ ಬರೋರಾದ್ರ ಸಂಜೆ 7ರ ಮೇಲೆ ಬಸ್ ಐತಾ? ಅವರನ್ನೂ ಕೇಳಬೇಕು, ಮೇಲಿನವರ ಒಪ್ಪಿಗೆಯೂ ಬೇಕು. ‘ಇನ್ನೆರಡು ತಾಸು ಹಂಗೇ ಕೂತ್ಕೊಳ್ರಿ’ ಅಂತ ಹೇರೂದು ಉಳಿತಾಯ ಅಲ್ಲ, ನಮ್ಮ ಖರ್ಚನ್ನ ಅವರ ಜೇಬಿಗೆ ಹಾಕಿದಂಗ. ಸ್ವಯಂಸೇವಕರು ಕಥೆ ಓದಿ ಹೇಳಲಿ, ಪುಸ್ತಕ ಜೋಡಿಸಲಿ. ಕೀಲಿಕೈ, ರಿಜಿಸ್ಟರ್ ಮಾತ್ರ ಜವಾಬ್ದಾರಿ ಇರೋರ ಕೈಯಾಗೇ ಇರಬೇಕು.

ತರಬೇತಿಗೂ ದೊಡ್ಡ ಖರ್ಚು ಬೇಕಿಲ್ಲ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಒಂದು, ಓದುಗರ ಸಮಯ ಉಳಿಸೋದರ ಬಗ್ಗೆಯೇ ಇದೆ. ಕೇಳಿದ ಪುಸ್ತಕ ಎರಡು ನಿಮಿಷದಾಗ ಸಿಗೋ ಹಂಗ ಜೋಡಿಸೋದು, ಮೊದಲ ಸಲ ಬಂದ ಮಗುವನ್ನ ಮಾತಾಡ್ಸೋದು, ಇಲಾಖೆಯ ಡಿಜಿಟಲ್ ಗ್ರಂಥಾಲಯದಲ್ಲಿ ಓದುಗರ ಹೆಸರು ನೋಂದಾಯಿಸೋದು, ಈ ಮೂರು ಕಲಿತ್ರ ಅರ್ಧ ಕೆಲಸ ಮುಗೀತು. ಸುತ್ತಲಿನ ನಾಲ್ಕೈದು ಊರಿನ ಮೇಲ್ವಿಚಾರಕರು ತಿಂಗಳಿಗೊಮ್ಮೆ ಒಂದು ಗ್ರಂಥಾಲಯದಾಗ ಸೇರಿ, ಒಬ್ಬರಿಗೆ ಗೊತ್ತಿದ್ದನ್ನ ಇನ್ನೊಬ್ಬರಿಗೆ ತೋರಿಸಿದ್ರ ಬಸ್ ಚಾರ್ಜಿನಾಗ ತರಬೇತಿ ಆಗ್ತದ.

ಇನ್ನು ಜಾಗ. ಇರೋದೇ ಒಂದು ಹಾಲ್. ಅಲ್ಲೇ ಪೇಪರ್ ಓದೋ ಹಿರಿಯರು, ಪರೀಕ್ಷೆಗೆ ಓದೋರು, ಗದ್ದಲ ಮಾಡೋ ಮಕ್ಕಳು. ಗೋಡೆ ಕಟ್ಟಾಕ ರೊಕ್ಕ ಇಲ್ಲ, ಹಂಗಾದ್ರ ಹೊತ್ತು ಹಂಚ್ರಿ. ಪೇಪರ್ ಬಾಗಿಲ ಹತ್ರ ಅಥವಾ ಕಟ್ಟೆ ಮೇಲೆ. ಸಂಜೆ ಒಂದು ತಾಸು ಮಕ್ಕಳಿಗೆ, ಕೆಳಗ ಒಂದು ಜಮಖಾನ ಹಾಸಿದ್ರ ಸಾಕು, ಕುರ್ಚಿ ಬೇಡ. ಉಳಿದ ಹೊತ್ತು ಮೌನ. ಹಳೇ ಸಿಲೆಬಸ್ಸಿನ ಗೈಡ್‌ಗಳನ್ನ ನಿಯಮದ ಪ್ರಕಾರ ವಿಲೇವಾರಿ ಮಾಡಿ ಒಂದು ರ್‍ಯಾಕ್ ತೆಗೆದ್ರ ಇನ್ನಿಬ್ಬರಿಗೆ ಕುರ್ಚಿ ಹಾಕಬಹುದು.

ಮತ್ತ, ಉಳಿದ ರೊಕ್ಕ ಮೊದಲು ಎದಕ್ಕ? ನನ್ನ ಪ್ರಕಾರ ಫ್ಯಾನು, ಲೈಟು, ಕುಡಿಯೋ ನೀರು, ಶೌಚಾಲಯ. ಪುಸ್ತಕಕ್ಕೆ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು ಐತಿ, ದಾನ ಕೊಡೋರೂ ಸಿಗ್ತಾರ. ಶೌಚಾಲಯ ತೊಳೆಯೋ ಕೂಲಿಗೆ ದಾನ ಕೊಡೋರು ಸಿಗೂದಿಲ್ಲ. ಅದಿಲ್ಲದಿದ್ರ ಹುಡುಗಿಯರು ಎರಡು ತಾಸಿನ ಮ್ಯಾಲೆ ಕೂರಾಕ ಆಗೂದಿಲ್ಲ.

ಕೊನೆಗೆ ನೀವು ಮಾಡೋ ಕೆಲಸ. ಹಳ್ಳಿಯವರು ಗ್ರಾಮಸಭೆಯಲ್ಲಿ, ಪಟ್ಟಣದವರು ₹10 ಶುಲ್ಕದ ಆರ್‌ಟಿಐ ಅರ್ಜಿಯಲ್ಲಿ ಮೂರು ಪ್ರಶ್ನೆ ಕೇಳ್ರಿ: ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾತು? ಎಷ್ಟು ಗ್ರಂಥಾಲಯಕ್ಕೆ ಸೇರಿತು? ವರ್ಷದಾಗ ಎಷ್ಟು ದಿನ ಬಾಗಿಲು ತೆಗೆದಿತ್ತು? ಕೇಳುವಾಗ ಮೇಲ್ವಿಚಾರಕರನ್ನ ಕಟಕಟೆಗೆ ನಿಲ್ಲಿಸಬ್ಯಾಡ್ರಿ. ಬಹಳ ಸಲ ಅವರಿಗೂ ಇದೇ ಉತ್ತರ ಬೇಕಾಗಿರ್ತದ.

ನಿಮ್ಮೂರ ಗ್ರಂಥಾಲಯ ಯಾವ ಹೊತ್ತಿಗೆ ತೆಗೀತದ, ಯಾವ ಹೊತ್ತಿಗೆ ತೆಗೆದ್ರ ಅನುಕೂಲ ಅಂತ ವಾಯ್ಸ್ ಮೆಸೇಜ್ ಕಳಸ್ರಿ. ಮುಂದಿನ ಎಪಿಸೋಡ್‌ನಾಗ ಸಿಗೋಣ, ಬರ್ತೀನ್ರಿ.